ಕಬ್ಬಿನ ಸಿಪ್ಪೆಯಿಂದ ನ್ಯಾನೋಸೆಲ್ಯುಲೋಸ್: ಕಾಲೇಜಿನ ಪ್ರಯೋಗಾಲಯದಲ್ಲಿ ತಯಾರಿಸುವ ಬಗೆ

ಪುಣೆಯ ರಸವಂತಿಗಳ, ಅಂದರೆ ಕಬ್ಬಿನ ರಸದ ಅಂಗಡಿಗಳ, ಹಿಂಬದಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಚೀಲಗಟ್ಟಲೆ ಬೀಳುವ ಕಬ್ಬಿನ ಸಿಪ್ಪೆಯ ಒಣತೂಕದಲ್ಲಿ ಶೇಕಡಾ 40ರಿಂದ 50ರಷ್ಟು ಸೆಲ್ಯುಲೋಸ್ ಇರುತ್ತದೆ. ಉಳಿದದ್ದು ಬಹುಪಾಲು ಹೆಮಿಸೆಲ್ಯುಲೋಸ್ (ಸೆಲ್ಯುಲೋಸಿಗಿಂತ ಚಿಕ್ಕ, ಕವಲೊಡೆದ ಸಕ್ಕರೆ ಸರಪಳಿಗಳು) ಮತ್ತು ಲಿಗ್ನಿನ್ (ನಾರುಗಳನ್ನು ಬೆಸೆದಿಡುವ ಅಂಟಿನಂಥ ವಸ್ತು). ಆ ಸೆಲ್ಯುಲೋಸನ್ನು ಬೇರ್ಪಡಿಸಿ, ಅದರ ನಾರನ್ನು ಕೆಲವೇ ನ್ಯಾನೋಮೀಟರ್ ದಪ್ಪದ ಎಳೆಗಳಾಗಿ (ನ್ಯಾನೋಸೆಲ್ಯುಲೋಸ್ ಎನ್ನುವುದು ಇವಕ್ಕೇ) ಬಿಡಿಸಿ, ಎಳೆಗಳಿಂದ ಹಾಳೆ, ಜೆಲ್, ಹಗುರ ಸ್ಪಂಜು ಮುಂತಾದವನ್ನು ಮಾಡುವ ಕ್ರಮವನ್ನು ಪುಣೆ ಮುಂಬಯಿಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುತ್ತ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಕೈಹಾಕುವ ಕೆಲಸ ಇದಲ್ಲ. ಫ್ಯೂಮ್ ಹುಡ್ (ವಿಷಾನಿಲವನ್ನು ಹೊರಗೆಳೆಯುವ ಗೂಡು), ಕನ್ನಡಕ, ಕೈಗವಸು ಮತ್ತು ಪಕ್ಕದಲ್ಲಿ ನಿಂತು ನೋಡಿಕೊಳ್ಳುವ ಒಬ್ಬ ಅಧ್ಯಾಪಕರು ಇರುವಲ್ಲಿ ಮಾತ್ರ ಮಾಡತಕ್ಕದ್ದು.

ಸೆಲ್ಯುಲೋಸನ್ನು ಫ್ರೆಂಚ್ ವಿಜ್ಞಾನಿ ಆನ್ಸೆಲ್ಮ್ ಪೇಯೆನ್ 1838ರಲ್ಲಿಯೇ ಗುರುತಿಸಿದ್ದರು. ಸಸ್ಯದ ಕೋಶಭಿತ್ತಿಯಲ್ಲಿ ಗ್ಲೂಕೋಸಿನ ನೀಳ ಸರಪಳಿಗಳು ಪಕ್ಕಪಕ್ಕದಲ್ಲಿ ಹೊಂದಿಕೊಂಡು, ಹೈಡ್ರೋಜನ್ ಬಂಧಗಳಿಂದ ಬಿಗಿದುಕೊಂಡು, ಸುಮಾರು 3ರಿಂದ 5 ನ್ಯಾನೋಮೀಟರ್ ದಪ್ಪದ ಎಳೆಗಳಾಗಿರುತ್ತವೆ. ಇಂಥ ಎಳೆಗಳು ಕಟ್ಟುಕಟ್ಟಾಗಿ ಸೇರಿ ಕಣ್ಣಿಗೆ ಕಾಣುವ ನಾರಾಗುತ್ತದೆ. ಎಳೆಯೊಳಗಿನ ಹರಳುಭಾಗದ ಬಿಗಿತ, ಉದ್ದದ ದಿಕ್ಕಿನಲ್ಲಿ, ಸುಮಾರು 140 ಗಿಗಾಪಾಸ್ಕಲ್, ಅಂದರೆ ಅಲ್ಯೂಮಿನಿಯಮ್ಮಿನ ಎರಡರಷ್ಟು. ಸಾಂದ್ರತೆಯಾದರೋ ಘನ ಸೆಂಟಿಮೀಟರಿಗೆ 1.5 ಗ್ರಾಂ ಮಾತ್ರ. ಈ ಎಳೆಯನ್ನು ಗಿಡವೇ ಕಟ್ಟಿಟ್ಟಿರುವುದರಿಂದ ನಮ್ಮ ಪಾಲಿಗೆ ಉಳಿದಿರುವುದು ಅದನ್ನು ಕೆಡಿಸದೆ ಬಿಡಿಸಿಕೊಳ್ಳುವ ಕೆಲಸ.

ಕೆಲಸದುದ್ದಕ್ಕೂ ಗಮನವಿಡಬೇಕಾದದ್ದು ನೀರಿನ ಮೇಲೆ. ಒಮ್ಮೆ ಲಿಗ್ನಿನ್ ತೆಗೆದ ನಾರನ್ನು ಪೂರ್ತಿ ಒಣಗಲು ಬಿಟ್ಟರೆ, ನೀರು ಹೊರಟ ಜಾಗದಲ್ಲಿ ಪಕ್ಕದ ಎಳೆಗಳು ಒಂದಕ್ಕೊಂದು ಅಂಟಿ ಹೊಸ ಹೈಡ್ರೋಜನ್ ಬಂಧಗಳನ್ನು ಮಾಡಿಕೊಳ್ಳುತ್ತವೆ. ಆಮೇಲೆ ಎಷ್ಟು ನೆನೆಸಿದರೂ ಅವೆಲ್ಲ ಬಿಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಮೊದಲ ಕುದಿಯಿಂದ ಕೊನೆಯ ಹಂತದವರೆಗೂ ನಾರು ಒದ್ದೆಯಾಗಿಯೇ ಇರಬೇಕು. ಸಂಜೆ ಪ್ರಯೋಗಾಲಯ ಮುಚ್ಚುವ ಹೊತ್ತಾಯಿತೆಂದು ಪಲ್ಪನ್ನು (ಬೇಯಿಸಿ ಲಿಗ್ನಿನ್ ತೆಗೆದ ಒದ್ದೆ ನಾರನ್ನು) ಓವನ್ನಿಗೆ ತಳ್ಳಿ ಹೋಗುವ ಅಭ್ಯಾಸ ಹಲವು ಪ್ರಾಜೆಕ್ಟುಗಳನ್ನು ಹಾಳುಮಾಡಿದೆ. ಕೊನೆಯಲ್ಲಿ ನೀರನ್ನು ಯಾವ ರೀತಿ ಹೊರಹಾಕುತ್ತೇವೆ ಎಂಬುದರ ಮೇಲೆಯೇ ಕೈಗೆ ಬರುವುದು ಹಾಳೆಯೋ ಸ್ಪಂಜೋ ಎಂಬುದು ನಿರ್ಧಾರವಾಗುತ್ತದೆ.

ಸಿಪ್ಪೆ ತರುವುದು, ತೊಳೆಯುವುದು

ಅಂಗಡಿಯವರೊಡನೆ ಮೊದಲೇ ಮಾತಾಡಿಕೊಂಡು, ಅಂದು ಹಿಂಡಿದ ಸಿಪ್ಪೆಯನ್ನು ಅಂದೇ ತರಬೇಕು. ಸಿಪ್ಪೆಯಲ್ಲಿ ಉಳಿದ ಸಕ್ಕರೆ ಬೇಸಿಗೆಯಲ್ಲಿ ಕೆಲವೇ ಗಂಟೆಗಳೊಳಗೆ ಹುಳಿಯತೊಡಗುತ್ತದೆ, ರಾತ್ರಿಯಿಡೀ ಚೀಲದಲ್ಲಿದ್ದರೆ ಬೂಷ್ಟು ಹಿಡಿಯುತ್ತದೆ. ಕಬ್ಬನ್ನು ಮಡಿಸಿ, ಮಡಿಕೆಯೊಳಗೆ ನಿಂಬೆಹೋಳು ಮತ್ತು ಶುಂಠಿಯ ಚೂರು ಇಟ್ಟು ಗಾಣಕ್ಕೆ ಕೊಡುವ ಪದ್ಧತಿ ಇರುವುದರಿಂದ, ಅವೆರಡೂ ಚಪ್ಪಟೆಯಾಗಿ ನಾರಿನ ನಡುವೆ ಮೆತ್ತಿಕೊಂಡಿರುತ್ತವೆ. ಇವನ್ನು ಕೈಯಿಂದಲೇ ಆರಿಸಿ ತೆಗೆಯಬೇಕು. ಗಾಣದ ಗ್ರೀಸ್ ತಾಗಿ ಕಪ್ಪಾದ ತುಂಡುಗಳನ್ನೂ ಬಿಸಾಡಬೇಕು.

ಸಿಪ್ಪೆಯನ್ನು ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಕಲಕಿ, ನೀರು ಬದಲಾಯಿಸಿ ಮತ್ತೊಮ್ಮೆ ಕಲಕಿದರೆ ಸಕ್ಕರೆ ಹೋಗುತ್ತದೆ. ಹೀಗೆ ಕಲಕುವಾಗ ಹೊರತೊಗಟೆಯ ಗಟ್ಟಿ ನಾರಿನಿಂದ ಒಳಗಿನ ಬೆಂಡು ಬೇರೆಯಾಗಿ ಜರಡಿಯಿಂದ ಕೆಳಗಿಳಿಯುತ್ತದೆ. ಕಾಗದದ ಗಿರಣಿಗಳಲ್ಲಿ ಬೆಂಡನ್ನು ತೆಗೆದುಹಾಕುತ್ತಾರೆ, ಏಕೆಂದರೆ ಅದು ರಾಸಾಯನಿಕಗಳನ್ನು ವೃಥಾ ಹೀರುತ್ತದೆ ಮತ್ತು ನೀರು ಬಸಿಯುವುದನ್ನು ತಡೆಯುತ್ತದೆ. ನಮಗೆ ಅದು ಅಷ್ಟು ನಿರುಪಯೋಗಿಯಲ್ಲ. ತೆಳುಗೋಡೆಯ ಕೋಶಗಳಾದ್ದರಿಂದ ಬೆಂಡು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಆದರೆ ಎರಡನ್ನೂ ಬೆರೆಸಿ ಬೇಯಿಸಿದರೆ ಒಂದು ಸಲದ ಫಲ ಇನ್ನೊಂದು ಸಲಕ್ಕೆ ಹೊಂದುವುದಿಲ್ಲ. ಬೇರೆ ಬೇರೆಯಾಗಿ ಇಟ್ಟುಕೊಂಡರೆ ಹೋಲಿಸಿ ಬರೆಯಲು ಪ್ರಾಜೆಕ್ಟಿಗೆ ಒಂದು ಅಧ್ಯಾಯವೂ ಸಿಕ್ಕಿತು.

ಕ್ಷಾರ ಮತ್ತು ಬಿಳುಪು

ಒಣತೂಕದ 50 ಗ್ರಾಂ ಸಿಪ್ಪೆಗೆ ಶೇಕಡಾ 4ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 1 ಲೀಟರ್ ತೆಗೆದುಕೊಂಡು, 80 ಡಿಗ್ರಿಯಲ್ಲಿ ಎರಡು ಗಂಟೆ ಕಲಕುತ್ತ ಇಡಬೇಕು. ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸಿನ ಒಂದು ಪಾಲು ಕರಗಿ ದ್ರವ ಕಡುಕಂದಾಗುತ್ತದೆ. ಸೋಸಿ, ತೊಳೆದು, ಹೊಸ ದ್ರಾವಣದಲ್ಲಿ ಇನ್ನೊಮ್ಮೆ ಬೇಯಿಸಿ, ಆಮೇಲೆ ತೊಳೆದ ನೀರು ತಟಸ್ಥವಾಗುವವರೆಗೆ ತೊಳೆಯಬೇಕು. ಸೋಸಲು ಹತ್ತಿಯ ಬಟ್ಟೆ ಬೇಡ, ನೈಲಾನ್ ಜಾಲರಿ ಇರಲಿ. ಹತ್ತಿಬಟ್ಟೆ ಉದುರಿಸುವ ಜುಂಗೂ ಸೆಲ್ಯುಲೋಸೇ ಆದ್ದರಿಂದ ಅದು ಪಲ್ಪಿನಲ್ಲಿ ಸೇರಿಕೊಂಡರೆ ಸಾಮಾನ್ಯ ಪರೀಕ್ಷೆಗಳಲ್ಲಿ ಬೇರ್ಪಡಿಸಿ ಹೇಳುವುದು ಕಷ್ಟ. ಕ್ಷಾರವನ್ನು ಗಟ್ಟಿ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆಂದು ಎಣಿಸಬಾರದು. ಶೇಕಡಾ 10ರಿಂದ 12ನ್ನು ದಾಟಿದರೆ ಸೆಲ್ಯುಲೋಸಿನ ಹರಳಿನ ರಚನೆಯೇ ಬದಲಾಗತೊಡಗುತ್ತದೆ. ಹತ್ತಿಗೆ ಹೊಳಪು ಕೊಡಲು ಗಿರಣಿಗಳು ಮಾಡುವ ಮರ್ಸರೈಸಿಂಗ್ ನಿಂತಿರುವುದು ಇದರ ಮೇಲೆಯೇ.

ಬಿಳುಪು ಮಾಡಲು ಆಮ್ಲೀಯ ಸೋಡಿಯಂ ಕ್ಲೋರೈಟ್ ಬಳಸುವ ಕ್ರಮ ಬಹಳ ಕಡೆ ಬಳಕೆಯಲ್ಲಿದೆಯಾದರೂ, ಅದರಿಂದ ವಿಷಕಾರಿಯೂ ಸಿಡಿಯಬಲ್ಲದ್ದೂ ಆದ ಕ್ಲೋರಿನ್ ಡೈಆಕ್ಸೈಡ್ ಅನಿಲ ಹೊಮ್ಮುವುದರಿಂದ, ಪದವಿ ತರಗತಿಯವರಿಗೆ ಹೈಡ್ರೋಜನ್ ಪೆರಾಕ್ಸೈಡೇ ಮೇಲೆಂದು ನನ್ನ ಅಭಿಪ್ರಾಯ. ಶೇಕಡಾ 3ರ ಪೆರಾಕ್ಸೈಡ್ ದ್ರಾವಣದ ಪಿಎಚ್ ಅನ್ನು ಸೋಡಿಯಂ ಹೈಡ್ರಾಕ್ಸೈಡಿನಿಂದ 11.5ಕ್ಕೆ ತಂದು, ಒದ್ದೆ ಪಲ್ಪನ್ನು ಅದರಲ್ಲಿ 60 ಡಿಗ್ರಿಯ ಹತ್ತಿರ ಎರಡರಿಂದ ಮೂರು ಗಂಟೆ ಇಡಬೇಕು. ಗಾಣದ ಕಬ್ಬಿಣದ ಉರುಳೆಗಳಿಂದ ಬಂದ ಕಬ್ಬಿಣದ ಅಂಶ ಸಿಪ್ಪೆಯಲ್ಲಿ ಉಳಿದಿದ್ದರೆ ಅದು ಪೆರಾಕ್ಸೈಡನ್ನು ಒಡೆದು ವ್ಯರ್ಥಮಾಡುತ್ತದೆ, ಪಾತ್ರೆ ನೊರೆಯೆದ್ದು ಉಕ್ಕುತ್ತದೆ, ಪಲ್ಪು ಮಾತ್ರ ಹಳದಿಯಾಗಿಯೇ ಇರುತ್ತದೆ. ಇದಕ್ಕೆ ಪರಿಹಾರವಾಗಿ ಮೊದಲೇ, ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎಯ ತೆಳು ದ್ರಾವಣದಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ನೆನೆಸಿ ತೊಳೆದುಕೊಳ್ಳಬೇಕು. ಉಕ್ಕುವ ಭಯ ಇರುವುದರಿಂದ ಬೀಕರಿನ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮುಚ್ಚಳ ಬಿಗಿಯಬಾರದು.

ಪಲ್ಪು ಹಾಲುಬಿಳುಪಾಗಲೇಬೇಕೆಂಬ ಹಟ ಬೇಡ. ಹೆಮಿಸೆಲ್ಯುಲೋಸ್ ಸ್ವಲ್ಪ ಉಳಿದಿದ್ದರೆ ಅದು ಎಳೆಗಳ ನಡುವೆ ನಿಂತು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ, ಮುಂದೆ ಬಿಡಿಸುವಾಗ ಶ್ರಮ ಕಡಮೆಯಾಗುತ್ತದೆ. ಅತಿಯಾಗಿ ಶುದ್ಧಿ ಮಾಡಿದ ಪಲ್ಪು ಅರೆಯುವಾಗ ಹೆಚ್ಚು ಮೊಂಡುತನ ತೋರುತ್ತದೆ.

ಕಪ್ಪು ಕ್ಷಾರದ್ರವವನ್ನು ಹಾಗೆಯೇ ಮೋರಿಗೆ ಸುರಿಯಬಾರದು. ತಣಿದ ಮೇಲೆ ಫ್ಯೂಮ್ ಹುಡ್ಡಿನಲ್ಲಿ ದುರ್ಬಲ ಗಂಧಕಾಮ್ಲವನ್ನು ನಿಧಾನವಾಗಿ ಬೆರೆಸಿ ಪಿಎಚ್ 2ರ ಹತ್ತಿರಕ್ಕೆ ಇಳಿಸಿದರೆ ಲಿಗ್ನಿನ್ ಕಂದುಪುಡಿಯಾಗಿ ಕೆಳಗೆ ಕೂರುತ್ತದೆ. ಸೋಸಿ ಇಟ್ಟುಕೊಂಡರೆ ಅದು ಮತ್ತೊಂದು ಪ್ರಾಜೆಕ್ಟಿನ ಕಚ್ಚಾಮಾಲು. ಸೋಸಿದ ನೀರನ್ನು ತಟಸ್ಥಗೊಳಿಸಿ ವಿಲೇವಾರಿ ಮಾಡಬೇಕು.

ಒಣಾಂಶದ ಲೆಕ್ಕ

ಒದ್ದೆ ಪಲ್ಪನ್ನು ಒಣಗಿಸುವಂತಿಲ್ಲವಾದ್ದರಿಂದ ಅದರಲ್ಲಿ ಸೆಲ್ಯುಲೋಸ್ ಎಷ್ಟಿದೆಯೆಂದು ತಿಳಿಯಲು ಒಂದು ಚಿಕ್ಕ ಪಾಲನ್ನು ಮಾತ್ರ ಬಲಿಕೊಡಬೇಕು. 5 ಗ್ರಾಂ ಒದ್ದೆ ಪಲ್ಪನ್ನು 105 ಡಿಗ್ರಿಯ ಓವನ್ನಿನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿದಾಗ 1 ಗ್ರಾಂ ಉಳಿದರೆ ಒಣಾಂಶ ಶೇಕಡಾ 20. ಮುಂದಿನ ಹಂತಕ್ಕೆ ಶೇಕಡಾ 0.7ರ ಒಂದು ಲೀಟರ್ ದ್ರವ ಬೇಕೆಂದರೆ 7 ಗ್ರಾಂ ಒಣಸೆಲ್ಯುಲೋಸ್, ಅಂದರೆ 35 ಗ್ರಾಂ ಒದ್ದೆ ಪಲ್ಪು ಬೇಕು. ಪ್ರತಿ ಸಲದ ಪಲ್ಪಿಗೂ ಈ ಲೆಕ್ಕ ಹೊಸದಾಗಿ ಆಗಬೇಕು.

ಎಳೆ ಬಿಡಿಸುವುದು

ಹೆಚ್ಚಿನ ಒತ್ತಡದ ಹೋಮೋಜನೈಸರಿನಲ್ಲಿ (ದ್ರವವನ್ನು ಕಿರಿದಾದ ಸಂದಿನ ಮೂಲಕ ನೂಕುವ ಯಂತ್ರದಲ್ಲಿ) ಪಲ್ಪನ್ನು ಮತ್ತೆ ಮತ್ತೆ ಹಾಯಿಸಿ ಎಳೆ ಬಿಡಿಸಬಹುದೆಂದು ಅಮೆರಿಕದ ಐಟಿಟಿ ರೇಯೋನಿಯರ್ ಕಂಪನಿಯ ಟರ್ಬಾಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಇನ್ನೊಂದು ಯಂತ್ರ ಜಪಾನಿನ ಮಸುಕೋ ಕಂಪನಿಯದು; ನಮ್ಮ ಬೀಸುಕಲ್ಲಿನ ಹಾಗೆ ಎರಡು ಕಲ್ಲುಗಳ ನಡುವೆ ಪಲ್ಪು ಅರೆಯುತ್ತದೆ, ಇಲ್ಲಿ ಮಾತ್ರ ತಿರುಗುವುದು ಕೆಳಗಿನ ಕಲ್ಲು. ಎರಡೂ ದುಬಾರಿ ಯಂತ್ರಗಳು. ಆದರೆ ಕ್ಯೋಟೋ ವಿಶ್ವವಿದ್ಯಾಲಯದ ಉಎತಾನಿ ಮತ್ತು ಯಾನೋ 2011ರಲ್ಲಿ, ನಿಮಿಷಕ್ಕೆ 37,000 ಸುತ್ತು ತಿರುಗುವ ಬ್ಲೆಂಡರಿನಲ್ಲಿ ಶೇಕಡಾ 0.7ರ ಮರದ ಪಲ್ಪನ್ನು 30 ನಿಮಿಷ ತಿರುಗಿಸಿ ನ್ಯಾನೋ ಎಳೆಗಳನ್ನು ಪಡೆದರು. ಅವರ ಪಲ್ಪು ಒಮ್ಮೆಯೂ ಒಣಗಿರಲಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ.

ನಮ್ಮ ಮಿಕ್ಸರುಗಳ ವೇಗ ಸಾಮಾನ್ಯವಾಗಿ ಇದರ ಅರ್ಧದಷ್ಟು. ಹೀಗಾಗಿ ಹೊತ್ತು ಹೆಚ್ಚು ಹಿಡಿಯುತ್ತದೆ, ದಪ್ಪ ನಾರೂ ಉಳಿಯುತ್ತದೆ. ಐದು ನಿಮಿಷ ತಿರುಗಿಸಿ ಐದು ನಿಮಿಷ ನಿಲ್ಲಿಸುತ್ತ, ಜಾರ್ ಬಿಸಿಯಾದಾಗ ಐಸ್‌ನೀರಿನಲ್ಲಿಟ್ಟು ತಣಿಸುತ್ತ ಹೋಗಬೇಕು. ಕೊನೆಗೆ ದ್ರವವನ್ನು ತೆಳುಮಾಡಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಬಿಡದ ನಾರು ತಳಕ್ಕಿಳಿದು ಮೇಲೆ ತೆಳು ಎಳೆಗಳು ನಿಲ್ಲುತ್ತವೆ. ಪ್ರಯೋಗಕ್ಕೆ ಬಳಸಿದ ಜಾರ್ ಮತ್ತೆ ಯಾರ ಮನೆಯ ಚಟ್ನಿಗೂ ಹೋಗಬಾರದು.

ರಾಸಾಯನಿಕ ನೆರವಿನಿಂದ ಈ ಶ್ರಮವನ್ನು ಬಹಳಷ್ಟು ಇಳಿಸಬಹುದು. ಟೋಕಿಯೋ ವಿಶ್ವವಿದ್ಯಾಲಯದ ಅಕಿರಾ ಇಸೋಗಾಯಿ ಮತ್ತು ಸಂಗಡಿಗರು 2006ರಲ್ಲಿ ಟೆಂಪೋ ಎಂಬ ವೇಗವರ್ಧಕದ ನೆರವಿನಿಂದ ಎಳೆಗಳ ಮೈಮೇಲಿನ ಆಲ್ಕೋಹಾಲ್ ಗುಂಪುಗಳನ್ನು ಕಾರ್ಬಾಕ್ಸಿಲೇಟ್ ಆಗಿಸಿದರು. ಋಣ ವಿದ್ಯುದಾವೇಶ ಪಡೆದ ಎಳೆಗಳು ಒಂದನ್ನೊಂದು ತಳ್ಳುವುದರಿಂದ ಸ್ವಲ್ಪ ಕಲಕಿದರೂ ಬಿಡಿಬಿಡಿಯಾದವು. ಈ ಕೆಲಸಕ್ಕಾಗಿ ಇಸೋಗಾಯಿ, ಸೈತೋ, ನಿಶಿಯಾಮ ಮೂವರಿಗೂ 2015ರ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಸಂದಿತು. ಕ್ರಮ ಹೀಗಿದೆ: 1 ಗ್ರಾಂ ಒಣತೂಕದ ಒದ್ದೆ ಪಲ್ಪನ್ನು 100 ಮಿ.ಲೀ. ನೀರಿನಲ್ಲಿ ಕದಡಿ, 0.016 ಗ್ರಾಂ ಟೆಂಪೋ ಮತ್ತು 0.1 ಗ್ರಾಂ ಸೋಡಿಯಂ ಬ್ರೋಮೈಡ್ ಕರಗಿಸಿ, 5 ಮಿಲಿಮೋಲ್ ಸೋಡಿಯಂ ಹೈಪೋಕ್ಲೋರೈಟನ್ನು ಹನಿಹನಿಯಾಗಿ ಸೇರಿಸಬೇಕು. ಶೇಕಡಾ 4ರ ದ್ರಾವಣವಾದರೆ ಇದು ಸುಮಾರು 9 ಮಿ.ಲೀ. ಆಗುತ್ತದೆ, ಆದರೆ ಹೈಪೋಕ್ಲೋರೈಟ್ ಸೆಕೆಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ ಬಾಟಲಿಯ ಚೀಟಿಯನ್ನು ನಂಬದೆ ಥಯೋಸಲ್ಫೇಟ್ ಟೈಟ್ರೇಶನ್ ಮಾಡಿಯೇ ಅಳೆಯಬೇಕು. ಕ್ರಿಯೆ ನಡೆಯುತ್ತಿರುವಷ್ಟು ಹೊತ್ತೂ ಪಿಎಚ್ ಇಳಿಯುತ್ತಿರುತ್ತದೆ, 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಅದನ್ನು 10ರಲ್ಲಿ ನಿಲ್ಲಿಸುತ್ತಿರಬೇಕು. ಹನಿಸುವ ಅಗತ್ಯ ನಿಂತಾಗ ಕ್ರಿಯೆ ಮುಗಿದಂತೆ. ಸ್ವಲ್ಪ ಎಥನಾಲ್ ಹಾಕಿ ಉಳಿದ ಹೈಪೋಕ್ಲೋರೈಟನ್ನು ಕಳೆದು, ಚೆನ್ನಾಗಿ ತೊಳೆದು, ಬಳಿಕ ಮಿಕ್ಸರಿನಲ್ಲಿ ತಿರುಗಿಸಬೇಕು. ಹೈಪೋಕ್ಲೋರೈಟ್ ಇರುವ ಪಾತ್ರೆಗೆ ಯಾವ ಕಾರಣಕ್ಕೂ ಆಮ್ಲ ಬೀಳಬಾರದು. ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ.

ದ್ರವ ಸಿದ್ಧವಾದದ್ದು ಕಣ್ಣಿಗೇ ತಿಳಿಯುತ್ತದೆ. ಮೊದಲು ನೀರಿನಲ್ಲಿ ಬಿಳಿ ನಾರು ತೇಲಿ ತಳಕ್ಕೆ ಕೂರುತ್ತಿದ್ದದ್ದು ಈಗ ಕೂರುವುದಿಲ್ಲ. ಬಿಳುಪು ತಗ್ಗಿ ಅರೆಪಾರದರ್ಶಕವಾಗುತ್ತದೆ. ಶೇಕಡಾ 1ರ ಹೊತ್ತಿಗೆ, ಅಂದರೆ 100 ಗ್ರಾಮಿನಲ್ಲಿ 99 ಗ್ರಾಂ ನೀರೇ ಇದ್ದರೂ, ಶೀಶೆಯನ್ನು ಬೋರಲು ಹಾಕಿದರೆ ಜೆಲ್ ಜಾರದೆ ನಿಲ್ಲುತ್ತದೆ. ತೆಳುಮಾಡಿದ ದ್ರವದ ಮೂಲಕ ಲೇಸರ್ ಪಾಯಿಂಟರ್ ಹಾಯಿಸಿದಾಗ ಬೆಳಕಿನ ದಾರಿ ಗೆರೆಯಾಗಿ ಕಾಣುತ್ತದೆ. ವರದಿಗೆ ಇಷ್ಟು ಸಾಲದು. ಎಫ್‌ಟಿಐಆರ್ (ಅವಗೆಂಪು ಬೆಳಕಿನ ಹೀರಿಕೆಯನ್ನು ಅಳೆಯುವ) ಪಟ್ಟಿಯಲ್ಲಿ, ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ, 1735ರ ಸುತ್ತಲಿನ ಹೆಮಿಸೆಲ್ಯುಲೋಸಿನ ಶಿಖರವೂ 1512ರ ಸುತ್ತಲಿನ ಲಿಗ್ನಿನ್ ಶಿಖರವೂ ಕುಗ್ಗಿರುವುದನ್ನು ತೋರಿಸಬೇಕು. ಎಕ್ಸ್‌ರೇ ವಿವರ್ತನೆಯಲ್ಲಿ 22.7 ಡಿಗ್ರಿಯ ಶಿಖರದ ಎತ್ತರದಿಂದ 18 ಡಿಗ್ರಿಯ ತಗ್ಗಿನ ಎತ್ತರವನ್ನು ಕಳೆದು, ಶಿಖರದ ಎತ್ತರದಿಂದ ಭಾಗಿಸಿದರೆ 1959ರ ಸೀಗಲ್ ವಿಧಾನದ ಹರಳುತನದ ಸೂಚ್ಯಂಕ ಬರುತ್ತದೆ. ಇದು ಹೋಲಿಕೆಗೆ ಮಾತ್ರ ಸರಿ, ನಿಜವಾದ ಪ್ರಮಾಣವೆಂದು ಬರೆಯಬಾರದು. ದಪ್ಪವನ್ನು ಅಳೆಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅಥವಾ ಪರಮಾಣು ಬಲ ಸೂಕ್ಷ್ಮದರ್ಶಕ (ಎಎಫ್‌ಎಂ) ಬೇಕು.

ದೊಡ್ಡ ಪ್ರಮಾಣದಲ್ಲಿ ಇದು ನಡೆಯುವ ಜಾಗ ಮುಂಬಯಿಯಲ್ಲಿಯೇ ಇದೆ. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಮಾಟುಂಗಾಕ್ಕೆ ಹೋಗಿಬರುವ ಕನ್ನಡಿಗರಲ್ಲಿ ಹಲವರು, ಅದೇ ಮಾಟುಂಗಾದ ಅಡೆನ್‌ವಾಲಾ ರಸ್ತೆಯಲ್ಲಿರುವ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯನ್ನು ಗಮನಿಸಿರಲಾರರು. 1924ರಲ್ಲಿ ಹತ್ತಿಯ ಪರೀಕ್ಷೆಗೆಂದು ಆರಂಭವಾದ ಈ ಸಂಸ್ಥೆಯಲ್ಲಿ ಈಗ ನ್ಯಾನೋಸೆಲ್ಯುಲೋಸಿನ ಪೈಲಟ್ ಘಟಕವಿದೆ.

ನೀರು ತೆಗೆಯುವ ಬಗೆ, ಅದರಿಂದ ಆಗುವ ವಸ್ತು

ಹಾಳೆ ಮಾಡುವುದು ಎಲ್ಲಕ್ಕಿಂತ ಸುಲಭ. 9 ಸೆಂ.ಮೀ. ವ್ಯಾಸದ ಪೆಟ್ರಿ ತಟ್ಟೆಯ ವಿಸ್ತೀರ್ಣ ಸುಮಾರು 64 ಚದರ ಸೆಂಟಿಮೀಟರ್; ಚದರ ಮೀಟರಿಗೆ 30 ಗ್ರಾಂ ತೂಗುವ ಹಾಳೆ ಬೇಕಾದರೆ ಶೇಕಡಾ 0.5ರ ದ್ರವ 38 ಮಿ.ಲೀ. ಸುರಿದರಾಯಿತು. ಸುರಿಯುವ ಮುನ್ನ ವ್ಯಾಕ್ಯೂಮ್ ಡೆಸಿಕೇಟರಿನಲ್ಲಿಟ್ಟು ಗುಳ್ಳೆಗಳನ್ನು ತೆಗೆಯಬೇಕು, ಇಲ್ಲವಾದರೆ ಪ್ರತಿ ಗುಳ್ಳೆಯೂ ಒಂದು ತೂತಾಗುತ್ತದೆ. ತಟ್ಟೆ ಮಟ್ಟಸವಾದ ಜಾಗದಲ್ಲಿರಬೇಕು. ಚಳಿಗಾಲದ ಪುಣೆಯಲ್ಲಿ ಕೋಣೆಯ ಗಾಳಿಗೇ ಒಣಗುವ ಹಾಳೆ, ಜುಲೈ ತಿಂಗಳ ಮುಂಬಯಿಯಲ್ಲಿ ದಿನಗಟ್ಟಲೆ ಹಸಿಯಾಗಿಯೇ ಉಳಿದು ಬೂಷ್ಟು ಹಿಡಿಯುತ್ತದೆ. ಅಲ್ಲಿ 40 ಡಿಗ್ರಿಯ ಓವನ್ ಬಳಸುವುದೇ ಸರಿ. ಅಂಚು ಮುದುಡದಂತೆ, ಸ್ವಲ್ಪ ಹಸಿ ಇರುವಾಗಲೇ ಬಿಡಿಸಿ ಎರಡು ಬ್ಲಾಟಿಂಗ್ ಕಾಗದಗಳ ನಡುವೆ ಭಾರ ಹೇರಿ ಇಡಬೇಕು. ಒಣಗಿದ ಹಾಳೆ ಬಿರುಸಾಗಿದ್ದು ಮಡಿಸಿದರೆ ಮುರಿಯುವಂತಿದ್ದರೆ, ಮುಂದಿನ ಸಲ ಸೆಲ್ಯುಲೋಸಿನ ತೂಕದ ಶೇಕಡಾ 10ರಷ್ಟು ಗ್ಲಿಸರಾಲ್ ಸೇರಿಸಬೇಕು.

ಒಣಹವೆಯಲ್ಲಿ ಈ ಹಾಳೆ ಆಮ್ಲಜನಕವನ್ನು ಬಹಳ ಚೆನ್ನಾಗಿ ತಡೆಯುತ್ತದೆ, ಎಣ್ಣೆ ಇಳಿಯಲು ಬಿಡುವುದಿಲ್ಲ. ಪ್ಲಾಸ್ಟಿಕ್ ಪೊಟ್ಟಣಕ್ಕೆ ಬದಲಿಯೆಂದು ಇದರ ಬಗ್ಗೆ ಉತ್ಸಾಹದ ಮಾತು ಕೇಳಿಬರುವುದು ಈ ಕಾರಣದಿಂದಲೇ. ಗಾಳಿಯ ತೇವ ಶೇಕಡಾ 70ನ್ನು ದಾಟಿತೆಂದರೆ ಎಳೆಗಳು ನೀರು ಹೀರಿ ಉಬ್ಬುತ್ತವೆ, ನಡುವಿನ ಸಂದು ತೆರೆಯುತ್ತದೆ, ತಡೆಯುವ ಗುಣ ಕುಸಿಯುತ್ತದೆ. ಕೊಂಕಣ ತೀರದ ಮಳೆಗಾಲದಲ್ಲಿ ತೇವ ಅದಕ್ಕಿಂತ ಹೆಚ್ಚೇ ಇರುವುದರಿಂದ, ಶೇಕಡಾ 50ರ ತೇವದಲ್ಲಿ ಅಳೆದ ಅಂಕಿಯನ್ನು ಮುಂದಿಟ್ಟು ಗೋವೆಯ ಗೋಡಂಬಿ ಪೊಟ್ಟಣಕ್ಕೆ ಇದು ಸಾಕೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. ಮೇಣದ ಲೇಪ ಕೊಟ್ಟ ಹಾಳೆಯನ್ನೂ ಕೊಡದ ಹಾಳೆಯನ್ನೂ ಒಣ ಸಿಲಿಕಾ ಜೆಲ್ ತುಂಬಿದ ಎರಡು ಬಾಟಲಿಗಳ ಬಾಯಿಗೆ ಬಿಗಿದು, ಪ್ರತಿದಿನ ತೂಗಿ ನೋಡಿದರೆ ಎಷ್ಟು ಆವಿ ಒಳಹೊಕ್ಕಿತೆಂಬುದು ಗ್ರಾಮಿನ ಲೆಕ್ಕದಲ್ಲಿ ಸಿಗುತ್ತದೆ. ಈ ಪರೀಕ್ಷೆಯನ್ನು ಮಳೆಗಾಲದಲ್ಲಿಯೇ ಮಾಡಬೇಕು.

ದ್ರವವನ್ನು ಹೆಪ್ಪುಗಟ್ಟಿಸಿ, ಫ್ರೀಜ್ ಡ್ರೈಯರಿನಲ್ಲಿ ಹಿಮವನ್ನು ನೇರವಾಗಿ ಆವಿಯಾಗಿಸಿದರೆ, ಎಳೆಗಳು ಒಂದರ ಮೇಲೊಂದು ಕುಸಿಯದೆ ಇದ್ದಲ್ಲಿಯೇ ನಿಂತು ಹಗುರ ಸ್ಪಂಜಾಗುತ್ತದೆ. ಶೇಕಡಾ 1ರ ದ್ರವ ಕುಗ್ಗದೆ ಒಣಗಿದರೆ ಘನ ಸೆಂಟಿಮೀಟರಿಗೆ 10 ಮಿಲಿಗ್ರಾಂ ಮಾತ್ರ ಸೆಲ್ಯುಲೋಸ್, ಉಳಿದ ಶೇಕಡಾ 99ಕ್ಕೂ ಹೆಚ್ಚು ಜಾಗ ಗಾಳಿಯದು. ಹೀಗೆ ಮಾಡಿದ್ದು ನೀರು ಬಿದ್ದರೆ ಕರಗಿದಂತೆ ಕುಸಿಯುತ್ತದೆ. ಹೆಪ್ಪುಗಟ್ಟಿಸುವ ಮೊದಲೇ, ಪಿಎಚ್ 4ರಲ್ಲಿ ಮೀಥೈಲ್ ಟ್ರೈಮೆಥಾಕ್ಸಿಸಿಲೇನ್ ಬೆರೆಸಿದರೆ ಎಳೆಗಳ ಮೇಲೆ ಸಿಲಿಕೋನಿನ ಪದರ ಕೂತು, ಸ್ಪಂಜು ನೀರನ್ನು ದೂಡಿ ಎಣ್ಣೆಯನ್ನು ಹೀರುತ್ತದೆ. ಈ ಕ್ರಿಯೆಯಲ್ಲಿ ಮೆಥನಾಲ್ ಹೊರಬರುವುದರಿಂದ ಹುಡ್ಡಿನೊಳಗೇ ಮಾಡಬೇಕು. ಮಳೆಗಾಲದಲ್ಲಿ ಗೋವೆಯ ಕಡಲತೀರಗಳಿಗೆ ಬಂದು ಬೀಳುವ ಟಾರ್ ಉಂಡೆಗಳಿಗೆ ಇದು ಮದ್ದೆಂದು ವರದಿಯಲ್ಲಿ ಬರೆಯುವ ಆಸೆ ಬೇಡ. ಸ್ಪಂಜು ಹೀರುವುದು ತೆಳು ಎಣ್ಣೆಯನ್ನು, ಗಟ್ಟಿಯಾದ ಡಾಂಬರನ್ನಲ್ಲ.

ಟೆಂಪೋ ದ್ರವಕ್ಕೆ ಒಂದು ಸೊಗಸಾದ ಗುಣವಿದೆ. ಅಚ್ಚಿನಲ್ಲಿ ಸುರಿದು ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹನಿಸಿದರೆ, ಕ್ಯಾಲ್ಸಿಯಂ ಅಯಾನುಗಳು ಎರಡು ಎಳೆಗಳ ಕಾರ್ಬಾಕ್ಸಿಲೇಟುಗಳನ್ನು ಬೆಸೆದು, ಒಣಗಿಸದೆಯೇ ಕೈಯಲ್ಲಿ ಹಿಡಿಯಬಲ್ಲ ಜೆಲ್ ಆಗುತ್ತದೆ. ಧನ ಆವೇಶದ ಬಣ್ಣಗಳನ್ನೂ ಲೋಹದ ಅಯಾನುಗಳನ್ನೂ ಹಿಡಿದುಕೊಳ್ಳುವುದು ಇದೇ ಕಾರ್ಬಾಕ್ಸಿಲೇಟು. ಮಿಥಿಲೀನ್ ಬ್ಲೂ ದ್ರಾವಣದಲ್ಲಿ ಇದನ್ನಿಟ್ಟು 664 ನ್ಯಾನೋಮೀಟರಿನಲ್ಲಿ ಬಣ್ಣ ಇಳಿಯುವುದನ್ನು ಅಳೆಯುವುದು ಯಾವ ಕಾಲೇಜಿನಲ್ಲಿಯೂ ಸಾಧ್ಯವಾದ ಪ್ರಯೋಗ. ಕಾರ್ಬನ್ ನ್ಯಾನೋಟ್ಯೂಬ್ ಅಥವಾ ಬೆಳ್ಳಿಯ ನ್ಯಾನೋತಂತಿ ಬೆರೆಸಿ ವಿದ್ಯುತ್ತು ಹರಿಯುವ ಹಾಳೆಯನ್ನೂ ಮಾಡುತ್ತಾರೆ, ಆದರೆ ಅದರ ಖರ್ಚು ಪದವಿ ಪ್ರಾಜೆಕ್ಟಿಗೆ ಹೊಂದುವುದಿಲ್ಲ.

ಬಣ್ಣ ಬೀರುವ ಹಾಳೆ ಬೇಕಾದವರು ಎಳೆಯನ್ನು ಬಿಟ್ಟು ಹರಳಿನ ದಾರಿ ಹಿಡಿಯಬೇಕು, ಅಂದರೆ ಎಳೆಯ ಸಡಿಲ ಭಾಗವನ್ನು ಆಮ್ಲದಲ್ಲಿ ಕರಗಿಸಿ ಹರಳುಭಾಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಇದಕ್ಕೆ ಕಬ್ಬಿಗಿಂತ ಔಷಧದಂಗಡಿಯ ಸರ್ಜಿಕಲ್ ಹತ್ತಿ ಒಳ್ಳೆಯದು. 35 ಗ್ರಾಂ ನೀರಿಗೆ 65 ಗ್ರಾಂ ಗಟ್ಟಿ ಗಂಧಕಾಮ್ಲವನ್ನು, ಐಸಿನಲ್ಲಿಟ್ಟ ಬೀಕರಿನಲ್ಲಿ, ಬಹಳ ನಿಧಾನವಾಗಿ ಬೆರೆಸಿದರೆ ಶೇಕಡಾ 64ರ ಆಮ್ಲವಾಗುತ್ತದೆ. ಆಮ್ಲಕ್ಕೆ ನೀರು ಹೊಯ್ಯುವುದು ಎಂದಿಗೂ ಸಲ್ಲದು. ನುಣ್ಣಗೆ ಕತ್ತರಿಸಿದ ಹತ್ತಿಯ ಗ್ರಾಮೊಂದಕ್ಕೆ 15ರಿಂದ 20 ಮಿ.ಲೀ. ಆಮ್ಲದಂತೆ 45 ಡಿಗ್ರಿಯಲ್ಲಿ 45 ನಿಮಿಷ ಕಲಕಿ, ಹತ್ತು ಪಟ್ಟು ತಣ್ಣೀರಿಗೆ ಸುರಿದು ಕ್ರಿಯೆ ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿ, ಡಯಾಲಿಸಿಸ್ ಕೊಳವೆಯಲ್ಲಿಟ್ಟು (ಆಮ್ಲವನ್ನು ಹೊರಬಿಟ್ಟು ಹರಳನ್ನು ಒಳಗುಳಿಸುವ ತೆಳುಪೊರೆಯ ಕೊಳವೆ) ಹೊರನೀರಿನ ಪಿಎಚ್ ಬದಲಾಗದಾಗುವವರೆಗೆ ನೀರು ಬದಲಾಯಿಸುತ್ತಿರಬೇಕು. ಹೊತ್ತು ಮೀರಿದರೆ ಹತ್ತಿ ಹಳದಿಯಾಗಿ ಕರಿಕಾಗುವ ಹಂತಕ್ಕೆ ಹತ್ತಿರವಾಗುವುದರಿಂದ ಗಡಿಯಾರ ಬಿಟ್ಟು ಕದಲಬಾರದು. ಶೇಕಡಾ 2ರಿಂದ 3ರ ಈ ದ್ರವವನ್ನು ಕೆಲವು ದಿನ ನಿಧಾನವಾಗಿ ಒಣಗಿಸಿದಾಗ ಹರಳುಗಳು ಸುರುಳಿಯ ಕ್ರಮದಲ್ಲಿ ಜೋಡಿಸಿಕೊಂಡು, ಯಾವ ಬಣ್ಣವನ್ನೂ ಹಾಕದೆಯೇ, ಕೋನ ಬದಲಾಯಿಸಿದಂತೆ ಬಣ್ಣ ಬದಲಾಯಿಸುವ ಹಾಳೆಯಾಗುತ್ತದೆ. ಚಿಟಿಕೆ ಉಪ್ಪು ಸೇರಿಸಿದರೆ ಬಣ್ಣ ನೀಲಿಯ ಕಡೆಗೂ, ಒಣಗಿಸುವ ಮೊದಲು ಅಲ್ಟ್ರಾಸೌಂಡ್ ಕೊಟ್ಟರೆ ಕೆಂಪಿನ ಕಡೆಗೂ ಸರಿಯುತ್ತದೆ.

ಉಳಿದ ದ್ರವವನ್ನು ಪ್ರಯೋಗಾಲಯದ ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿಡಬೇಕು. ಫ್ರೀಜರಿಗೆ ಹಾಕಬಾರದು, ಹಿಮದ ಹರಳುಗಳು ಎಳೆಗಳನ್ನು ಒಂದೆಡೆ ಒತ್ತಿ ಗಂಟುಮಾಡುತ್ತವೆ, ಕರಗಿದ ಮೇಲೂ ಗಂಟು ಬಿಡುವುದಿಲ್ಲ. ಒಣಗಿ ಪುಡಿಯಾದದ್ದನ್ನು ಕೆರೆದು ತೆಗೆಯುವಾಗ ಉಸಿರಿಗೆ ಹೋಗದಂತೆ ಮಾಸ್ಕ್ ಧರಿಸಬೇಕು. ಶೀಶೆಯ ಮೇಲೆ ಸಿಪ್ಪೆ ತಂದ ದಿನಾಂಕ, ಬೆಂಡೋ ತೊಗಟೆಯ ನಾರೋ ಎಂಬುದು, ಟೆಂಪೋ ಬಳಸಿದೆಯೋ ಇಲ್ಲವೋ ಎಂಬುದು, ಒಣಾಂಶದ ಶೇಕಡಾವಾರು ಇವಿಷ್ಟನ್ನೂ ಬರೆದು ಅಂಟಿಸಬೇಕು. ಹುಳಿವಾಸನೆ ಬಂದ ಶೀಶೆಯನ್ನು ಅಳತೆಗೆ ಬಳಸದೆ ಚೆಲ್ಲಬೇಕು.